ಗಿರಣಿ ಮುಂದಿನ ನಲ್ಲಿ

ಮೈಸೂರಿನಲ್ಲಿ ರೈಲಿಳಿದ ಚೆಲುವಯ್ಯನಿಗೆ ಮೊದಲು ಸಿಕ್ಕಿದ್ದೇ ಒಂದು ಮೊಣಕೈ ತಿವಿತ. ತಿರುಗಿ ನೋಡುವಷ್ಟರಲ್ಲಿ ಯಾರದೋ ಟ್ರಂಕು ಬೆನ್ನಿಗೆ ಬಡಿಯಿತು. ಅದು ಹಾಳಾಗಿ ಹೋಗಲಿ, ಹಣೆಯ ತುಂಬ ನಾಮವಿದ್ದ ಹಿರಿಯರೊಬ್ಬರು ಡಬ್ಬಿಯಿಂದ ಇಳಿಯುವಾಗ ಜೋಲಿ ತಪ್ಪಿ ಅವನ ಹೆಗಲನ್ನೇ ಹಿಡಿದುಕೊಂಡರು. ಅಲ್ಲಾಡದೆ ನಿಲ್ಲು ಎಂದು ಹೇಳಿ, ಅವನ ಮೇಲೆ ಭಾರ ಬಿಟ್ಟು, ಕಳಚಿದ್ದ ಚಪ್ಪಲಿಯನ್ನು ಮೆಟ್ಟಿಕೊಂಡು ಹೊರಟೇಹೋದರು. ಚೆಲುವಯ್ಯ ಉಸಿರು ಬಿಗಿಹಿಡಿದು ನಿಂತಿದ್ದ. ಗಾವಡಗೆರೆ ಪಕ್ಕದ ಅವನ ಊರಿನಲ್ಲಿ ಅಂಥವರು ಎದುರಾದರೆ ಕೇರಿಯವರು ದಾರಿ ಬಿಟ್ಟು ಬೇಲಿಗೆ ಆತುಕೊಳ್ಳಬೇಕು. ಇಲ್ಲಿ ಆತುಕೊಳ್ಳೋಣವೆಂದರೆ ಬೇಲಿಯೇ ಇಲ್ಲ. ಎತ್ತ ಸರಿದರೂ ಇನ್ನೊಬ್ಬರ ಮೈ.

ಕರೆದೊಯ್ಯಲು ಬಂದಿದ್ದ ಅಕ್ಕನ ಗಂಡ ಚಾಮಯ್ಯನನ್ನು ಅವನು ಗುರುತು ಹಿಡಿಯಲೇ ಇಲ್ಲ. ಒಗೆದ ಅಂಗಿ, ಕರೀ ಟೋಪಿ ನೋಡಿ ಯಾರೋ ದೊಡ್ಡವರೆಂದು ಅಡ್ಡಬಿದ್ದೆ ಅನ್ನಲು ಬಗ್ಗಿದ್ದ. ಬಾವ ಅವನ ರಟ್ಟೆ ಹಿಡಿದು ನೆಟ್ಟಗೆ ನಿಲ್ಲಿಸಿದ.

"ಬಾಯಿ ಮುಚ್ಕೊಂಡು ಬಾ. ಯಾರಾನ ಕೇಳಿದ್ರೆ ಊರೆಸರು ಏಳು, ಕೇರಿ ಸುದ್ದಿ ಬ್ಯಾಡ. ಇಲ್ಲಿ ಯಾರೂ ಯಾರ್ನೂ ನೋಡಾಕಿಲ್ಲ ಕಣ್ಲಾ."

ನೋಡುವುದಕ್ಕೆ ಪುರಸೊತ್ತಾದರೂ ಎಲ್ಲಿ? ಜಟಕಾಗಳು ಒಂದರ ಬಾಲ ಒಂದು ಹಿಡಿದು ನುಗ್ಗುತ್ತಿದ್ದವು. ಹೂವಿನವಳೊಬ್ಬಳ ಬುಟ್ಟಿ ಅವನ ಕೆನ್ನೆ ಸವರಿಕೊಂಡು ಹೋಯಿತು. ಚೆಲುವಯ್ಯ ಅಭ್ಯಾಸಬಲದಿಂದ ಮೆಟ್ಟು ಕಳಚಿ ಕೈಗೆ ತೆಗೆದುಕೊಂಡು ಚರಂಡಿಯ ಅಂಚಿಗೆ ನಡೆಯುತ್ತಿದ್ದರೆ, ಬಾವ ಗದರಿಸಿ ಮತ್ತೆ ಕಾಲಿಗೆ ಹಾಕಿಸಿದ. ನಡುಬೀದಿಗೆ ಬಂದ ಕೂಡಲೇ ಸೈಕಲ್ಲಿನವನೊಬ್ಬ ಗಕ್ಕನೆ ಬ್ರೇಕು ಹಿಡಿದು, ಕಣ್ಣು ಕಾಣುವುದಿಲ್ಲವೇನಯ್ಯ ಎಂದು ಉಗಿದು ಹೋದ. ಹುಟ್ಟಿದ ಮೇಲೆ ಜಾತಿ ಸೇರದ ಬೈಗುಳ ಚೆಲುವಯ್ಯನಿಗೆ ಬಿದ್ದದ್ದು ಅದೇ ಮೊದಲು. ಒಳಗೊಳಗೇ ಹಿಗ್ಗಿದ. ಮರುಕ್ಷಣವೇ ಊರಿನವರು ಯಾರಾದರೂ ನೋಡಿಬಿಟ್ಟರೇನೋ ಎಂದು ಪುಕುಪುಕು ಹತ್ತಿ, ಹೆಜ್ಜೆಗೊಮ್ಮೆ ಹಿಂದೆ ತಿರುಗಿದ.

ದಾರಿಯುದ್ದಕ್ಕೂ ಬಾವ ಹೇಳಿದ್ದು ಒಂದೇ ಮಾತು. ಗಿರಣಿಯಲ್ಲಿ ತಾನು ಯಾವ ಕೇರಿಯವನೆಂದು ಯಾರಿಗೂ ಗೊತ್ತಿಲ್ಲ. ಹಾಗೆಂದೇ ವಠಾರದಲ್ಲಿ ಮನೆ ಸಿಕ್ಕಿದೆ, ಅಕ್ಕ ಬಾಗಿಲಿಗೆ ರಂಗೋಲಿ ಹಾಕಿಕೊಂಡು ನೆಮ್ಮದಿಯಾಗಿದ್ದಾಳೆ. ಈವತ್ತು ಮೇಸ್ತ್ರಿ ಕಂಠಪ್ಪ ಹೊಸ ಆಳುಗಳನ್ನು ಸೇರಿಸಿಕೊಳ್ಳುತ್ತಾನೆ. ಹೆಂಡತಿಯ ತಮ್ಮ ಅಂದರೆ ಇಲ್ಲ ಅನ್ನುವ ಮನುಷ್ಯನಲ್ಲ. ಕೆಲಸವಾದರೆ ಚೆಲುವಯ್ಯ ಪಟೇಲರ ಮನೆಯ ಜೀತಕ್ಕೆ ಇನ್ನು ಹೋಗಬೇಕಾಗಿಲ್ಲ. ಚೆಲುವಯ್ಯ ಎಲ್ಲಕ್ಕೂ ತಲೆಯಾಡಿಸಿದ. ಬಾಯಿ ತೆರೆಯಬಾರದೆಂದ ಮೇಲೆ ಹೂಂ ಎನ್ನುವುದಕ್ಕೂ ಅವನಿಗೆ ಹೆದರಿಕೆ.

ಗಿರಣಿಯ ಮುಂದೆ ಬೀದಿ ನಲ್ಲಿ. ಅಲ್ಲಿ ಅವನನ್ನು ನಿಲ್ಲಿಸಿ, ಬಾವ ನಾಲ್ಕು ಮಾರು ಆಚೆ ಚೊಂಬು ಹಿಡಿದು ಮುಖ ತೊಳೆಯುತ್ತಿದ್ದ ಮೇಸ್ತ್ರಿಯ ಹತ್ತಿರ ಮಾತು ತೆಗೆಯಲು ಹೋದ. ಊರು ಬಿಟ್ಟಾಗಿನಿಂದ ಚೆಲುವಯ್ಯನ ಬಾಯಿಗೆ ಹನಿ ನೀರು ಬಿದ್ದಿರಲಿಲ್ಲ. ನಲ್ಲಿಯ ಸುತ್ತ ಗಿರಣಿಯವರ ನೂಕುನುಗ್ಗಲು. ಆ ನೂಕಾಟವೇ ಅವನನ್ನು ಮುಂದಕ್ಕೆ ತಂದು ಬಿಟ್ಟಿತು. ಕೈ ಚಾಚಿದ. ಕೈ ಮುಂದೆ ಹೋಗಲಿಲ್ಲ. ಊರ ಬಾವಿಯನ್ನೂ ಮುಟ್ಟಿದ ಕೈಯಲ್ಲ ಅದು. ಕುಡಿಯುವ ಹಾಗಿದ್ದರೆ ಕುಡಿ, ಇಲ್ಲವಾದರೆ ಪಕ್ಕಕ್ಕೆ ಸರಿ ಎಂದು ಹಿಂದಿನವರು ಅವಸರ ಮಾಡಿದರು. ಬಾವ ಬಾಯಿಗೆ ಬೀಗ ಹಾಕಿಸಿದ್ದ, ಮಂಡಿಗಳಿಗೆ ಹಾಕಿಸಿರಲಿಲ್ಲ. ಅವು ತಾವಾಗಿಯೇ ಮಡಿಚಿಕೊಂಡವು. ಚೆಲುವಯ್ಯ ನಲ್ಲಿಗೆ ದೂರವಾಗಿ ಕುಕ್ಕರಗಾಲಲ್ಲಿ ಕೂತು, ಬೊಗಸೆಯನ್ನು ಬಾಯಿಗೆ ಹಿಡಿದು, ಯಾರಾದರೂ ಹೊಯ್ಯಲಿ ಎಂದು ಮುಖವೆತ್ತಿದ.

ಅಲ್ಲಿದ್ದವರೆಲ್ಲ ಒಂದಲ್ಲ ಒಂದು ಹಳ್ಳಿಯಿಂದ ಬಂದವರೇ. ಆ ಬೊಗಸೆಯ ಅರ್ಥ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೆಳಗಿನಿಂದ ಗೇಣು ಜಾಗ ಕೊಡದಿದ್ದ ಮೈಸೂರು ಅವನ ಸುತ್ತ ಒಂದೇ ಸಲಕ್ಕೆ ತೆರವಾಯಿತು. ತಾನೇನು ಮಾಡಿದೆನೆಂದು ಚೆಲುವಯ್ಯನಿಗೆ ಆಗ ಹೊಳೆಯಿತು. ಎದ್ದು ಓಡಿಬಿಡಬೇಕು ಅನ್ನಿಸಿತು, ಏಳಲಾಗಲಿಲ್ಲ.

ಕಂಠಪ್ಪ ಕೆಟ್ಟ ಮನುಷ್ಯನಲ್ಲ. ಪಾಪ, ಬಾಯಾರಿದೆ ಎಂದು ತನ್ನ ಚೊಂಬನ್ನು ಚಾಮಯ್ಯನ ಕೈಗೇ ಕೊಟ್ಟ. "ನಿನ್ ಜೊತೆ ಬಂದೋನಲ್ವೇನಯ್ಯಾ? ಯಾರಿವ್ನು?"

ಚಾಮಯ್ಯ ಹೆಂಡತಿಯ ತಮ್ಮನನ್ನು ನೋಡಿದ. ಆಮೇಲೆ ಮೇಸ್ತ್ರಿಯನ್ನು ನೋಡಿದ.

"ನಮ್ಮೂರ ಕೇರಿಯೋನು. ನಮ್ಮನೇಲಿ ಜೀತಕ್ಕವ್ನೆ."

ಚೊಂಬು ತುಂಬಿಸಿಕೊಂಡು ಬಂದು ಮೇಲಿನಿಂದ ಹೊಯ್ದ. ಚೆಲುವಯ್ಯ ಕುಡಿದ, ಅಷ್ಟಾದರೂ ದಾಹ ನಾಚಿಕೆಯ ಮಾತು ಕೇಳಲಿಲ್ಲ. ಹನಿ ಹೊರಗೆ ಸಿಡಿಯಲಿಲ್ಲ, ಚೊಂಬಿನ ಅಂಚು ಬೊಗಸೆಗೆ ತಗುಲಲಿಲ್ಲ. ಎಷ್ಟು ಎತ್ತರದಿಂದ ಹೊಯ್ಯಬೇಕೆಂದು ಚಾಮಯ್ಯನಿಗೆ ಚೆನ್ನಾಗಿ ಗೊತ್ತಿತ್ತು. ಕೆಳಗೆ ಕೂತು ಕಲಿತ ಎತ್ತರ ಅದು.