ಹದಿನೇಳನೇ ನಂಬರಿನ ಕ್ಲಿಪ್ಪು

ಹದಿನೇಳನೇ ನಂಬರಿನ ಕ್ಲಿಪ್ಪು ಮತ್ತೆ ಹಸಿರು ಡಬ್ಬಿಯ ಅಂಚಿಗೆ ಬಂದು ಕಚ್ಚಿಕೊಂಡಿತ್ತು. ಈ ವಾರದಲ್ಲಿ ಇದು ಮೂರನೇ ಸಲ. ಮೂರನೇ ತರಗತಿಯ ಟೀಚರ್ ಬಾಗಿಲ ಕಡೆ ಒಮ್ಮೆ ನೋಡಿ, ಅದನ್ನು ಕಿತ್ತು ಹಳದಿ ಡಬ್ಬಿಗೆ ಸಿಕ್ಕಿಸಿದರು.

ಮರುದಿನ ಪೋಷಕರ ಸಭೆ. ಓದಿನ ಸಾಮಗ್ರಿಯೆಲ್ಲ ಮುಂದಿನ ಮೇಜಿನ ಮೇಲೆ ಎದ್ದು ಕಾಣುವಂತಿರಬೇಕು. ಚಪ್ಪಲಿ ಅಂಗಡಿಯಿಂದ ಕೇಳಿ ತಂದ ಮೂರು ರಟ್ಟಿನ ಡಬ್ಬಿಗಳಿಗೆ ಅವರೇ ಬಣ್ಣದ ಕಾಗದ ಅಂಟಿಸಿದ್ದರು. ಹಸಿರಿನಲ್ಲಿ ಎರಡೆರಡು ಸಾಲಿನ ಕಥೆಗಳು, ಜೊತೆಗೆ 'ಚಿತ್ರ ನೋಡಿ ಊಹಿಸು', 'ಬೆರಳಿಟ್ಟು ಓದು' ಎಂಬ ಸುಳಿವಿನ ಚೀಟಿಗಳು. ಹಳದಿಯಲ್ಲಿ ಇಡೀ ಪುಟದ ಕಥೆಗಳು, 'ತಿಳಿಯದಿದ್ದರೆ ಹಿಂದಿನ ಸಾಲಿಗೆ ಹೋಗು' ಎಂಬ ಚೀಟಿ. ನೀಲಿಯದು ಗಟ್ಟಿ ಓದುಗರಿಗೆ. ಮಗುವಿಗೊಂದು ನಂಬರು ಬರೆದ ಬಟ್ಟೆ ಕ್ಲಿಪ್ಪು. ತಡವರಿಸದೆ ಓದಿ ತೋರಿಸಿದರೆ ಕ್ಲಿಪ್ಪು ಮುಂದಿನ ಡಬ್ಬಿಗೆ. ಅದನ್ನು ಮುಟ್ಟುವ ಅಧಿಕಾರ ಟೀಚರಿಗೊಬ್ಬರಿಗೇ.

ಹದಿನೇಳು ಅವರ ಮಗಳ ನಂಬರು.

"ನಿಮಗೇನು ಬಿಡಿ, ಟೀಚರ್ ಮಕ್ಕಳು ಹೊಟ್ಟೆಯಲ್ಲೇ ಕಾಗುಣಿತ ತಿದ್ದಿ ಬಂದಿರ್ತಾರೆ" ಎಂದು ಎರಡನೇ ತರಗತಿಯ ಟೀಚರ್ ಹೋದ ವಾರ ಎಲ್ಲರೆದುರು ನಕ್ಕಿದ್ದರು. ನಾಳೆ ಆಕೆಯೂ ಬರುತ್ತಾರೆ, ಮೂವತ್ತು ಮಕ್ಕಳ ತಾಯಂದಿರೂ ಬರುತ್ತಾರೆ. ಇವತ್ತಲ್ಲ ನಾಳೆ ಮಗು ಓದಿಯೇ ಓದುತ್ತದೆ, ನಾಲ್ಕು ದಿನ ಮುಂಚೆ ಹಾಕಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಎಂದು ಟೀಚರ್ ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು. ಆದರೆ ಬೆಳಿಗ್ಗೆ ಹಳದಿ ಗುಂಪಿನಲ್ಲಿ ಕೂತ ಮಗಳು, ಪಕ್ಕದವಳು ಪುಟ ತಿರುವಿದಾಗ ತಾನೂ ತಿರುವುತ್ತಿದ್ದುದನ್ನು ಅವರು ನೋಡಿದ್ದರು. ನೋಡಿ, ಬೋರ್ಡಿನ ಕಡೆ ತಿರುಗಿಕೊಂಡಿದ್ದರು.

ಕಸ ಗುಡಿಸಲು ಬಂದ ಆಯಾಳನ್ನು ವಿಚಾರಿಸಿದರು. "ನೆಲಕ್ಕೆ ಬಿದ್ದಿದ್ದು ಮಾತ್ರ ನಂದು ಮೇಡಂ, ಮೇಜಿನ ಮೇಲಿಂದು ನಿಮ್ದು" ಎಂದು ಆಕೆ ಪೊರಕೆ ಎತ್ತಿಕೊಂಡು ಹೊರಟಳು.

ವರಾಂಡದಲ್ಲಿ ಚೀಲ ತಗುಲಿಸಿಕೊಂಡು ಕಾಯುತ್ತಿದ್ದ ಮಗಳು ಒಳಗೆ ಬಂದಳು. ಶಾಲೆಯ ಗೇಟಿನ ಒಳಗೆ ಅಮ್ಮ ಅನ್ನುವಂತಿಲ್ಲ, ಎಲ್ಲರ ಹಾಗೆ ಟೀಚರ್ ಅನ್ನಬೇಕು ಎಂದು ಮೊದಲ ದಿನವೇ ಆಗಿದ್ದ ಕರಾರು. ಆಟದ ಬಯಲಲ್ಲಿ ಬಿದ್ದು ಮಂಡಿ ಕಿತ್ತುಹೋದಾಗಲೂ "ಟೀಚರ್, ರಕ್ತ" ಎಂದೇ ಅತ್ತಿದ್ದ ಹುಡುಗಿ ಅವಳು.

"ಕ್ಲಿಪ್ಪು ತೆಗೆದಿದ್ದು ನೀನೇನಾ?"

ಮಗಳು ಹೌದೆಂದು ತಲೆಯಾಡಿಸಿದಳು.

"ಯಾರೂ ಮುಟ್ಟಬಾರದು ಅಂತ ಹೇಳಿರಲಿಲ್ವಾ?"

"ಹೇಳಿದ್ರಿ ಟೀಚರ್."

"ಮತ್ತೆ?"

ಹುಡುಗಿ ಮೇಜಿನ ಮುಂದೆ ನೆಟ್ಟಗೆ ನಿಂತು ಕೈಕಟ್ಟಿಕೊಂಡಳು. ಪಕ್ಕದವನು ರಬ್ಬರ್ ಕದ್ದನೆಂದು ದೂರು ಹೇಳಲು ಮಕ್ಕಳು ನಿಲ್ಲುತ್ತಾರಲ್ಲ, ಹಾಗೆ.

"ಟೀಚರ್, ನಮ್ಮಮ್ಮ ದಿನಾ ನನ್ನ ಕ್ಲಿಪ್ಪನ್ನ ಹಳದಿಗೆ ಹಾಕಿಬಿಡ್ತಾಳೆ. ಅಲ್ಲಿಂದು ನಂಗಿನ್ನೂ ಓದಕ್ಕೆ ಬರಲ್ಲ. ನೀವು ಅವಳಿಗೆ ಸ್ವಲ್ಪ ಹೇಳ್ತೀರಾ?"