ಬಲಗಡೆಯಿಂದ ತೆರೆದ ಪುಸ್ತಕ

ನುಸಿಗುಳಿಗೆಯ ವಾಸನೆ ಬಂದಾಗಲೆಲ್ಲ ಲಷ್ಕರ್ ಮೊಹಲ್ಲಾದ ನಮ್ಮ ಮನೆಯ ಒಂದು ಮಧ್ಯಾಹ್ನ ಇಂದಿಗೂ ಕಣ್ಣೆದುರು ನಿಲ್ಲುತ್ತದೆ.

ತೊಂಬತ್ತರ ದಶಕದ ಮಾತು. ಭಾನುವಾರ ನಮ್ಮಲ್ಲಿ ನಡೆಯುತ್ತಿದ್ದ ಕ್ರೈಸ್ತ ಪ್ರಾರ್ಥನಾಕೂಟದಲ್ಲಿ ಬೋಧಿಸಲು ಅನುಮತಿ ಕೇಳಿಕೊಂಡು, ಹೀಬ್ರೂ ಕಲಿತ ಬೋಧಕರೊಬ್ಬರು ಬಂದಿದ್ದರು. ಕೂಟದ ಹಿರಿಯರಾದ ತಾತ ಪರೀಕ್ಷಿಸಿ, ಒಪ್ಪಿ ಕಣ್ಸನ್ನೆ ಮಾಡದೆ ಅಜ್ಜಿ ಯಾವ ಬೋಧಕರಿಗೂ ಕಾಫಿ ಇಡುತ್ತಿರಲಿಲ್ಲ. ಬಂದ ಬೋಧಕರು ಚೀಲದಿಂದ ನುಸಿಗುಳಿಗೆಯ ವಾಸನೆಯ, ಬಲದಿಂದ ಎಡಕ್ಕೆ ಓದುವ ಹೀಬ್ರೂ ವೇದಗ್ರಂಥವನ್ನು ತೆಗೆದು ಬಲಗಡೆಯಿಂದ ತೆರೆದರು.

“ಹಿಂದಿನಿಂದ ಓದೋರನ್ನ ಎಂಗೆ ನಂಬೋದು ಕಣಮ್ಮ?” ಎಂದು ಅಜ್ಜಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ತಾತ ಹಳೆಯ ಪ್ರವಾದಿಗಳ ಕಠಿಣ ವಾಕ್ಯಗಳನ್ನು ಒಂದೊಂದಾಗಿ ಮುಂದಿಟ್ಟರು. ಬೋಧಕರು ಪ್ರತಿಯೊಂದರಲ್ಲಿಯೂ ತಮ್ಮ ಕರ್ತನಾದ ಮೆಸ್ಸೀಯನನ್ನೇ ಕಂಡು ತಡವರಿಸದೆ ವಿವರಿಸಿದರು. ಉತ್ತರಗಳು ಸಲೀಸಾದಷ್ಟೂ ತಾತನ ಹುಬ್ಬು ಬಿಗಿಯಾಯಿತು.

“ಅಯ್ಯನವರೇ, ಯೆಶಾಯ ಪ್ರವಾದಿ ಹೇಳೋ ಆ ನೊಂದ ಸೇವಕ ಯಾರು? ಯೆಹೂದ್ಯರು ಅದು ತಮ್ಮ ಜನಾಂಗವೇ ಅಂತಾರಲ್ಲ?”

ಬೋಧಕರು ಪುಟದ ಮೇಲೆ ಬೆರಳಿಟ್ಟು ಆ ಸಾಲುಗಳನ್ನು ಎರಡು ಸಲ ಓದಿಕೊಂಡರು.

“ಅವರ ಮಾತಿಗೂ ಇಲ್ಲೇ ಆಧಾರ ಇದೆ, ಯಜಮಾನ್ರೇ. ನನಗೆ ಕಾಣೋದು ನನ್ನ ಕರ್ತನೇ. ಆದ್ರೆ ಅವರದು ತಪ್ಪು ಅಂತ ಸಾಧಿಸೋಕೆ ನನ್ನ ಕೈಲಿ ಆಗಲ್ಲ.”

ತಾತ ಕನ್ನಡಕ ತೆಗೆದು ಪಂಚೆಯ ತುದಿಯಿಂದ ನಿಧಾನವಾಗಿ ಒರೆಸಿದರು.

“ಭಾನುವಾರ ಇದನ್ನೇ ಹೇಳಿ. ಮಿಕ್ಕಿದ್ದು ಬೇಡ,” ಎಂದು ಅಜ್ಜಿಯತ್ತ ಕಣ್ಸನ್ನೆ ಮಾಡಿದರು.

ಅಜ್ಜಿ ಒಲ್ಲದ ಮನಸ್ಸಿನಿಂದ ಎದ್ದರು. ಅಡುಗೆಮನೆಯ ಹೊಸ್ತಿಲಲ್ಲಿ ತಿರುಗಿ, “ಕಾಫಿ ತರೋವರೆಗೂ ಆ ಪುಸ್ತಕದ ಮೇಲೆ ಒಂದು ಕಣ್ಣಿಟ್ಟಿರು ಕಣಮ್ಮ,” ಎಂದರು.