ನಾಲ್ಕಕ್ಕೆ ಬಳೆ, ಐದಕ್ಕೆ ಕನ್ನಡಕ

ಬುಶ್ರಾಳಿಗೆ ಅನುಮಾನ ಬಂದದ್ದು ಮಂಗಳವಾರ. ಅಂದು ಕುಮಾರಸ್ವಾಮಿ ಒಂದೂ ತಪ್ಪು ಮಾಡಲಿಲ್ಲ.

ನಾಲ್ಕು ತಿಂಗಳಿಂದ ಆಕೆ ಅವರಿಗೆ ಗಿಟಾರಿನಲ್ಲಿ ಅಮೆರಿಕದ ಬ್ಲೂಸ್ ಸಂಗೀತ ಕಲಿಸುತ್ತಿದ್ದಳು. ಗೋಕುಲ ರಸ್ತೆಯಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗ ಮಾಡುವ ಅವರ ಕಾರ್ಖಾನೆಯ ಮಹಡಿಯಲ್ಲೇ ಪಾಠ. ಐವತ್ತಾರರಲ್ಲೂ ಕುಮಾರಸ್ವಾಮಿಯವರ ಬೆರಳು ಚುರುಕಾಗಿದ್ದವು. ಕೆಳಗಿನ ಲೇಥ್ ಯಂತ್ರದ ಬೇರಿಂಗ್ ಸವೆದರೆ ಮೇಲೆ ಕುಳಿತು ಸದ್ದಿನಿಂದಲೇ ಹೇಳುತ್ತಿದ್ದರು. ಆದರೆ ಬುಶ್ರಾ ಕಾರ್ಡನ್ನು, ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛವನ್ನು, ಬದಲಿಸಿದಾಗ ಮಾತ್ರ ಹಿಂದೆಯೇ ಉಳಿಯುತ್ತಿದ್ದರು.

ಬ್ಲೂಸಿನಲ್ಲಿ ಮುಖ್ಯವಾಗಿ ಮೂರೇ ಕಾರ್ಡು. ಒಂದನೆಯದು ಮನೆ. ಅಲ್ಲಿಂದ ನಾಲ್ಕನೆಯದಕ್ಕೆ ಹೋಗಬೇಕು, ಮರಳಬೇಕು; ಐದನೆಯದಕ್ಕೆ ಹೋಗಬೇಕು, ಮರಳಬೇಕು. ಎಣಿಸಿಕೊಂಡೇ ನುಡಿಸಬಹುದಿತ್ತು. ಬುಶ್ರಾ ಬಿಡುತ್ತಿರಲಿಲ್ಲ. ಒಮ್ಮೆ ಬೇಗ ಹೋಗುವಳು, ಒಮ್ಮೆ ಕಾಯಿಸುವಳು.

"ಎಣಸಬ್ಯಾಡ್ರಿ ಕಾಕಾ, ಕೇಳ್ರಿ."

"ಕೇಳಾಕತ್ತೇನವ್ವಾ. ತಿಳೀವಲ್ದು."

ಭಾನುವಾರ ಧಾರವಾಡದಲ್ಲಿ ಬುಶ್ರಾಳ ತಂಡದ ಕಾರ್ಯಕ್ರಮ. ಎರಡನೆಯ ಗಿಟಾರ್ ಕುಮಾರಸ್ವಾಮಿಯವರದು. ಈ ವಾರವೂ ತಪ್ಪಿದರೆ ಆ ಜಾಗಕ್ಕೆ ಬೇರೆಯವರನ್ನು ಕೂಡಿಸುವೆನೆಂದು ಆಕೆ ಸೋಮವಾರ ಮೆಲ್ಲಗೆ ಹೇಳಿಬಿಟ್ಟಿದ್ದಳು. ಅವರು ಅಂದು ಮನೆಗೆ ಹೋಗಿ ಒಂದೇ ರೊಟ್ಟಿ ತಿಂದು ಎದ್ದಿದ್ದರು.

ಮಂಗಳವಾರದಿಂದ ಪಾಠಕ್ಕೆ ಹೆಂಡತಿ ನಾಗರತ್ನಾ ಜೊತೆಗೆ ಬರತೊಡಗಿದರು. ಅಮ್ಮಿನಬಾವಿಯ ಭಜನೆ ಮನೆತನದವರು. ತಂದೆ ಹಾರ್ಮೋನಿಯಂ ನುಡಿಸುತ್ತಿದ್ದರು. ಗಂಡನ ಎದುರಿಗೆ ಕುರ್ಚಿ ಹಾಕಿಕೊಂಡು, ಪಾಠ ಮುಗಿಯುವವರೆಗೂ ಅವರ ಮುಖದಿಂದ ಕಣ್ಣು ಕೀಳುತ್ತಿರಲಿಲ್ಲ. ಈ ವಯಸ್ಸಿನಲ್ಲೂ ಎಷ್ಟು ಪ್ರೀತಿ ಎಂದುಕೊಂಡಳು ಬುಶ್ರಾ.

ಶುಕ್ರವಾರ ಗುಟ್ಟು ಸಿಕ್ಕಿಬಿತ್ತು. ನಾಲ್ಕು ಬಂದಾಗಲೆಲ್ಲ ನಾಗರತ್ನಾ ಬಳೆ ಮುಟ್ಟುತ್ತಿದ್ದರು. ಐದಕ್ಕೆ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದರು. ಒಂದನೆಯ ಕಾರ್ಡಿನ ಮನೆಗೆ ಮರಳಿದರೆ ಕೈ ಮಡಿಲಿಗೆ.

ಬುಶ್ರಾ ಎದ್ದು, ಕುಮಾರಸ್ವಾಮಿಯವರ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿದಳು. ಮತ್ತೆ ನುಡಿಸಿದರು. ಮೊದಲ ಬದಲಾವಣೆಗೇ ಅವರ ಕೈ ಅಂಜಿ ನಿಂತಿತು. ಬೆನ್ನ ಹಿಂದೆ ನಾಗರತ್ನಾ ಅವರ ಕೈಯೂ ಮಡಿಲಲ್ಲೇ ಇತ್ತು. ಸಿಕ್ಕಿಬಿದ್ದ ನಾಚಿಕೆ, ಪಾಪ, ಎಂದುಕೊಂಡಳು ಬುಶ್ರಾ.

"ತಪ್ಪಾತವ್ವಾ," ಎಂದರು ಕುಮಾರಸ್ವಾಮಿ, ಗೋಡೆಗೇ. "ನಾನ ಆಕೀನ್ನ ಕೇಳ್ಕೊಂಡೆ. ಆಕಿ ಕಿವಿ ಛಲೋ ಅದ. ನಂದು ಕಾರ್ಖಾನಿ ಕಿವಿ."

ಬುಶ್ರಾಳಿಗೆ ನಗು ತಡೆಯಲಾಗಲಿಲ್ಲ. "ಇನ್ನ ಎರಡ ದಿನದಾಗ ನಾ ಯಾರನ್ನ ಹುಡುಕ್ಲಿ? ಐತವಾರ ಕಾಕೂನ್ನ ಮುಂದಿನ ಸಾಲಿನ್ಯಾಗ ಕೂಡಸ್ರಿ."

ಭಾನುವಾರ ಸಂಜೆ ಸಭಾಂಗಣ ತುಂಬಿತ್ತು. ಎರಡನೆಯ ಹಾಡಿನಲ್ಲಿ ಬುಶ್ರಾ ತುಂಟತನಕ್ಕೆಂದೇ, ಯಾರಿಗೂ ಸುಳಿವು ಕೊಡದೆ ನಾಲ್ಕಕ್ಕೆ ಜಿಗಿದಳು. ಮುಂದಿನ ಸಾಲಿನಲ್ಲಿ ಬೆರಳು ಬಳೆ ಮುಟ್ಟಿತು. ವೇದಿಕೆಯ ಮೇಲೆ ಕುಮಾರಸ್ವಾಮಿಯವರ ಕೈ ಸರಿಯಿತು. ಅದೇ ಚಣಕ್ಕೆ. ಕೊನೆಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕುಮಾರಸ್ವಾಮಿ ಬಾಗಿ ನಮಸ್ಕರಿಸಲು ಹೋಗಿ ಗಿಟಾರನ್ನು ಮೈಕಿಗೆ ಬಡಿದರು.

ಬುಶ್ರಾ ವೇದಿಕೆಯಿಂದ ಇಳಿದವಳೇ ನಾಗರತ್ನಾ ಅವರ ಕೈ ಹಿಡಿದುಕೊಂಡಳು.

"ಇಂಥಾ ಕಿವಿ ನಾ ಎಲ್ಲೂ ನೋಡಿಲ್ರಿ ಕಾಕೂ. ಮುಂದಿನ ತಿಂಗಳಿಂದ ನನ್ನ ಹತ್ರ ಬರೋರಿಗೆಲ್ಲಾ ಕೇಳೂದನ್ನ ನೀವ ಕಲಸ್ರಿ."

ನಾಗರತ್ನಾ ಗಾಬರಿಯಾದರು. ಗಂಡ ದೂರದಲ್ಲಿ ಯಾರೊಂದಿಗೋ ಫೋಟೊ ತೆಗೆಸಿಕೊಳ್ಳುವುದನ್ನು ನೋಡಿ ದನಿ ತಗ್ಗಿಸಿದರು.

"ನನಗೇನ ತಿಳೀತದವ್ವಾ ಅದು? ಮನ್ಯಾಗ ಎಣಿಸ್ಕೋತ ನುಡಸೂವಾಗ ನೋಡೀನಿ, ನಾಲ್ಕು ಬಂದ್ರ ಇವರದು ಒಂದ ಹುಬ್ಬು ಏಳ್ತದ, ಐದು ಬಂದ್ರ ಎರಡೂ. ನಾ ಅದನ್ನ ನೋಡಿ ಕೈ ಆಡಸ್ತಿದ್ನಿ, ಅಷ್ಟ."